ಹೇಸರಗತ್ತೆಗಳ ಕೋಚ್

ಲಾರ್ಕಿನ್ ಕಾಲೇಜಿನ ಫುಟ್‌ಬಾಲ್ ತಂಡದ ಬಟ್ಟೆ ಒಗೆಯುತ್ತ, ಹರಿದ ಅಂಗಿಗಳಿಗೆ ಹೊಲಿಗೆ ಹಾಕುತ್ತ ಮೂವತ್ತೊಂದು ವರ್ಷ ಕಳೆದವಳು ನಾನು. ಅಲಬಾಮಾದ ನಮ್ಮ ಕಡೆ ಒಬ್ಬ ಗಂಡಸಿನ ಯೋಗ್ಯತೆ ತಿಳಿಯಬೇಕಾದರೆ ಜನ ಪಾದ್ರಿಯನ್ನು ಕೇಳುತ್ತಾರೆ. ನನ್ನನ್ನು ಕೇಳಬಹುದಿತ್ತು. ಜೇಬು ತಡಕಿಯೇ ಬಟ್ಟೆ ನೆನೆಹಾಕುವವಳು ನಾನು.

ಗ್ರೇಡಿ ಟ್ಯಾಲ್ಬರ್ಟ್ ನಮ್ಮಲ್ಲಿಗೆ ಆಟಗಾರನಾಗಿ ಬಂದಾಗ ಅವನಿಗೆ ಹದಿನೆಂಟು. ಕತ್ತು ತಲೆಯಷ್ಟೇ ದಪ್ಪ. ನಮ್ಮ ತಂಡದ ಹೆಸರು ಹೇಸರಗತ್ತೆಗಳು. ಆ ಹೆಸರಿಗೆ ಇಷ್ಟು ಚೆನ್ನಾಗಿ ಒಪ್ಪುವ ಹುಡುಗ ಅದಕ್ಕೆ ಮುಂಚೆ ಬಂದಿರಲಿಲ್ಲ. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುವುದು. ಕೊನೆಯ ವರ್ಷದ ಕೊನೆಯ ಪಂದ್ಯದಲ್ಲಿ ಅವನು ಕೆಸರಲ್ಲಿ ಕಾಲು ಜಾರಿ ಬೋರಲು ಬಿದ್ದ. ಅದೇ ಹೊತ್ತಿಗೆ ಎದುರಾಳಿಯ ಕೈಯಿಂದ ಜಾರಿದ ಚೆಂಡು ಉರುಳಿಕೊಂಡು ಬಂದು ಅವನ ಹೊಟ್ಟೆಯಡಿ ಸೇರಿತು. ನಾವು ಗೆದ್ದೆವು. ಮಾರನೇ ದಿನದ ಪೇಪರಿನಲ್ಲಿ 'ಚಿರತೆಯಂತೆ ಎರಗಿದ ಟ್ಯಾಲ್ಬರ್ಟ್' ಅಂತ ಬಂತು. ಆ ಅಂಗಿಯ ಕೆಸರು ತೊಳೆದವಳು ನಾನೇ. ಎರಗಿದವನ ಕೆಸರು ಮೊಣಕೈಗೆ ಅಂಟುತ್ತದೆ, ಜಾರಿದವನದು ಕೊರಳಪಟ್ಟಿಯಿಂದ ಶುರುವಾಗುತ್ತದೆ.

ಆ ಒಂದು ಪೇಪರಿನ ಬಲದಿಂದ ಅವನು ವೃತ್ತಿಪರ ತಂಡಕ್ಕೆ ಹೋದ. ನಾಲ್ಕು ವರ್ಷ ಅಲ್ಲಿದ್ದ, ಹೆಚ್ಚಿನ ಪಾಲು ಬೆಂಚಿನ ಮೇಲೆ. ಅಲ್ಲಿ ಬಟ್ಟೆ ಒಗೆಯುವವರಿಗೆ ಅವನಿಂದ ಯಾವ ತೊಂದರೆಯೂ ಆಗಿರಲಾರದು. ಐದನೇ ವರ್ಷ ಬಸ್ಸಿನಿಂದ ಇಳಿಯುವಾಗ ಮಂಡಿ ತಿರುಚಿಕೊಂಡ. ಊರಿಗೆ ಬಂದವನು ಅದನ್ನು 'ಆಟದಲ್ಲಾದ ಗಾಯ' ಅಂದ. ಊರು ನಂಬಿತು. ಎಪ್ಪತ್ತೊಂದನೇ ಇಸವಿಯಲ್ಲಿ ಕಾಲೇಜು ಅವನನ್ನೇ ಕೋಚ್ ಮಾಡಿತು.

ಮಾಡಿಸಿದ್ದು ಬ್ಯೂಫರ್ಡ್ ರಾಲ್ಸ್‌ಟನ್. ಪಿಕಪ್ ಗಾಡಿ ಮಾರುವವನು, ತಂಡದ ಅಭಿಮಾನಿ ಸಂಘದ ಅಧ್ಯಕ್ಷ. ಕಾಲೇಜಿನ ಪ್ರಾಂಶುಪಾಲರು ಯಾರು ಅಂತ ಕೇಳಿದರೆ ನಮ್ಮೂರಲ್ಲಿ ಅರ್ಧ ಜನ ಬ್ಯೂಫರ್ಡ್ ಅನ್ನುತ್ತಿದ್ದರು.

ಮೊದಲ ದಿನವೇ ಗ್ರೇಡಿ ಹುಡುಗರನ್ನೆಲ್ಲ ನಿಲ್ಲಿಸಿ, "ಈ ಆಟ ಗೆಲ್ಲೋದು ಕಾಲಿಂದಲ್ಲ, ಕೈಯಿಂದಲ್ಲ. ಮನೋಬಲದಿಂದ!" ಎಂದು ಎದೆ ಗುದ್ದಿಕೊಂಡ. ಆ ವರ್ಷ ಹತ್ತರಲ್ಲಿ ಎಂಟು ಪಂದ್ಯ ಮನೋಬಲದಿಂದ ಸೋತೆವು.

ಆಮೇಲೆ ಸಹಾಯಕ ಕೋಚ್ ಆಗಿ ಹಾಯ್ಟ್ ಪಿಕೆನ್ಸ್ ಬಂದ. ಕಡ್ಡಿಯಂಥ ಮನುಷ್ಯ, ಗಣಿತದ ಮೇಷ್ಟ್ರು, ಮಾತೇ ಕಮ್ಮಿ. ಅವನು ಹಗಲೆಲ್ಲ ಕಪ್ಪು ಹಲಗೆಯ ಮೇಲೆ ನಮ್ಮ ಹುಡುಗರಿಗೆ ಸೊನ್ನೆ, ಎದುರಾಳಿಗಳಿಗೆ ಗುಣಾಕಾರದ ಗುರುತು, ನಡುವೆ ಬಾಣಗಳನ್ನು ಬರೆದು ಯಾವ ಹುಡುಗ ಯಾವ ಕಡೆ ಓಡಬೇಕು, ಎಷ್ಟು ಹೆಜ್ಜೆಗೆ ತಿರುಗಬೇಕು ಅಂತ ತಿದ್ದುತ್ತಿದ್ದ. ಎರಡನೇ ವರ್ಷ ಆರು ಗೆದ್ದೆವು. ಮೂರನೇ ವರ್ಷ ಒಂದೂ ಸೋಲದೆ ನಮ್ಮ ವಲಯದ ಕಪ್ ತಂದೆವು.

ಪಂದ್ಯದ ಹೊತ್ತಿಗೆ ಗ್ರೇಡಿ ಮೈದಾನದ ಗೆರೆಯ ಪಕ್ಕ ನಿಂತು, ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು, ಹುಬ್ಬು ಗಂಟಿಕ್ಕಿ ಏನೋ ಗೊಣಗುತ್ತಿದ್ದ. ಅದರಲ್ಲಿ ಆಟದ ಉಪಾಯಗಳಿವೆ ಎಂದುಕೊಂಡು ಎದುರು ತಂಡದವರು ದುರ್ಬೀನು ಹಾಕಿ ಆ ಹಾಳೆ ಓದಲು ನೋಡುತ್ತಿದ್ದರು. ಟಿವಿಯವರು ಅದನ್ನು 'ಟ್ಯಾಲ್ಬರ್ಟ್ ರಹಸ್ಯ' ಅಂದರು. ಒಂದು ಸೋಮವಾರ ಅದು ಅವನ ಪ್ಯಾಂಟಿನ ಜೇಬಿನಲ್ಲೇ ಉಳಿದು ನನ್ನ ಕೈಗೆ ಸಿಕ್ಕಿತು. ಡಾಟ್ ಕೆಫೆಯ ತಿಂಡಿಪಟ್ಟಿ. ಹುರಿದ ಮೀನು, ಬೆಂಡೆಕಾಯಿ, ಪೀಚ್ ಹಣ್ಣಿನ ಪೈ. ಪೈಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದ.

ನಾನು ಅದನ್ನು ಒರೆಸಿ ಅವನ ಮೇಜಿನ ಮೇಲಿಟ್ಟೆ. ಅವನು ಕೆಂಪಾದ.

"ಮಿಸ್ ವರ್ನೆಲ್, ಇದು ನಮ್ಮಿಬ್ಬರಲ್ಲೇ ಇರ್ಲಿ."

"ಪೈ ಚೆನ್ನಾಗಿರುತ್ತಾ, ಕೋಚ್?" ಎಂದೆ.

ಆಮೇಲೆ ಬ್ಯೂಫರ್ಡ್ ಅವನಿಗೊಂದು ಕಾರು ಕೊಟ್ಟ. ಅದರ ಎರಡೂ ಬಾಗಿಲ ಮೇಲೆ ಗ್ರೇಡಿಯ ಮುಖ ಬರೆಸಿದ್ದ. ಭಾನುವಾರ ಚರ್ಚು ಮುಗಿದ ಮೇಲೆ ಟಿವಿಯಲ್ಲಿ ಅವನದೇ ಕಾರ್ಯಕ್ರಮ. ಅದರಲ್ಲಿ ನಿಷ್ಠೆಯ ಬಗ್ಗೆ ಮಾತಾಡುತ್ತಿದ್ದ. "ನನ್ನ ಮೈ ಕೊಯ್ದು ನೋಡಿ, ಲಾರ್ಕಿನ್ನಿನ ಹಸಿರು ರಕ್ತ ಹರಿಯುತ್ತೆ. ನನ್ನ ಮಣ್ಣು ಮಾಡೋದೂ ಇಲ್ಲೇ," ಎಂದು ಒಂದು ಭಾನುವಾರ ಕಣ್ಣೊರೆಸಿಕೊಂಡ. ಅಷ್ಟು ವರ್ಷ ತಂಡದ ಆ ಹಸಿರು ಅಂಗಿಗಳ ರಕ್ತದ ಕಲೆ ತೆಗೆದಿದ್ದೇನೆ, ಒಂದೂ ಹಸಿರಾಗಿರಲಿಲ್ಲ. ಬುಧವಾರ ಅವನು ಪಕ್ಕದ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಹೊರಟುಹೋದ.

ಹೋಗುವಾಗ ತನ್ನ ಜೋಕುಗಳಿಗೆ ನಗುತ್ತಿದ್ದ ಇಬ್ಬರು ಸಹಾಯಕರನ್ನು ಕರೆದುಕೊಂಡ. ಹಾಯ್ಟ್‌ನನ್ನು ಬಿಟ್ಟ.

"ಅವನನ್ನ ಯಾಕೆ ಬಿಟ್ಟೆಯಪ್ಪಾ?" ಎಂದು ಕೇಳಿದೆ.

"ಒಳ್ಳೇ ಮನುಷ್ಯ, ಮಿಸ್ ವರ್ನೆಲ್. ಆದ್ರೆ ಮನೋಬಲ ಸಾಲದು."

ಹಾಗಾಗಿ ಹಾಯ್ಟ್ ನಮ್ಮ ಕೋಚ್ ಆದ. ಮೂರು ವರ್ಷ ಗೆದ್ದದ್ದೇ ಹೆಚ್ಚು, ಸೋತದ್ದು ಕಮ್ಮಿ. ಆದರೆ ಊರಿಗೆ ಖುಷಿಯೇ ಇಲ್ಲ. ಅವನದೊಂದು ಕೆಟ್ಟ ಅಭ್ಯಾಸ: ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಒಮ್ಮೆ ಟಿವಿಯವನು, "ಕೋಚ್, ಇವತ್ತು ಯಾಕೆ ಸೋತ್ರಿ?" ಅಂದ. ಹಾಯ್ಟ್ ಸ್ವಲ್ಪ ಯೋಚಿಸಿ, "ಅವರ ಹುಡುಗ್ರು ನಮ್ಮವರಿಗಿಂತ ದಪ್ಪ ಇದ್ದಾರೆ," ಅಂದ. ಅಷ್ಟೇ.

ಬ್ಯೂಫರ್ಡ್ ಬಟ್ಟೆಮನೆಯ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡ. "ಹಿಂಗೆ ನಿಜ ಹೇಳ್ತಾ ಕೂತ್ರೆ ಜನ ಯಾಕೆ ಬರ್ತಾರೆ ಹೇಳಿ, ಮಿಸ್ ವರ್ನೆಲ್? ಗ್ರೇಡಿ ಆಗಿದ್ರೆ ಸೋತಿದ್ದಕ್ಕೂ ಅಳಿಸಿ ಕಳಿಸ್ತಿದ್ದ!"

ಆ ಕಡೆ ಗ್ರೇಡಿ ಮೂರು ವರ್ಷದಲ್ಲಿ ಒಟ್ಟು ನಾಲ್ಕು ಪಂದ್ಯ ಗೆದ್ದಿದ್ದ. ಅವನು ಅಲ್ಲಿ ಕೆಲಸ ಕಳೆದುಕೊಂಡ ಸುದ್ದಿ ಬಂದ ದಿನ ನಾನು ಸ್ವಲ್ಪ ಸಿಹಿ ಚಹಾ ಜಾಸ್ತಿಯೇ ಕುಡಿದೆ. ಖುಷಿ ಹತ್ತೇ ದಿನ ಇತ್ತು. ಹನ್ನೊಂದನೇ ದಿನ ಬ್ಯೂಫರ್ಡ್ ಬ್ಯಾಂಡ್ ಬಾರಿಸಿಕೊಂಡು ಅವನನ್ನು ವಾಪಸ್ ಕರೆತಂದ. ಹಾಯ್ಟ್‌ಗೆ ಈ ವಿಷಯ ತಿಳಿಸಿದ್ದು ಚರ್ಚಿನ ಊಟದಲ್ಲಿ, ಕೋಳಿಕಾಲು ಕೈಯಲ್ಲಿ ಹಿಡಿದಿದ್ದಾಗ. "ಸರಿ," ಎಂದು ಹಾಯ್ಟ್ ಅದನ್ನು ತಿಂದು ಮುಗಿಸಿ, ಕೈ ಒರೆಸಿಕೊಂಡು ಎದ್ದುಹೋದ. ಮುಂದಿನ ತಿಂಗಳು ನಲವತ್ತು ಮೈಲಿ ಆಚೆ ಟಿಲ್ಲರಿ ಎಂಬ ಊರಿನ ಹೈಸ್ಕೂಲಲ್ಲಿ ಬೀಜಗಣಿತ ಕಲಿಸಲು ಸೇರಿದ.

ಗ್ರೇಡಿ ವೇದಿಕೆ ಹತ್ತಿ, ತಾನು ದಾರಿ ತಪ್ಪಿದ ಮಗ, ಮನೆಗೆ ಬಂದಿದ್ದೇನೆ ಎಂದ. ಹೆಂಗಸರು ಅತ್ತರು. ನಂತರ ಹಸಿರು ಅಂಗಿ ತೊಟ್ಟು ಸಾಲಾಗಿ ಏಳು ಪಂದ್ಯ ಸೋತ.

ಏಳನೆಯದಾದ ಮೇಲೆ ಒಂದು ಮಂಗಳವಾರ ಬಟ್ಟೆಮನೆಗೆ ಬಂದ. ಟವೆಲುಗಳ ರಾಶಿಯ ಮೇಲೆ ಕೂತ. ಅಷ್ಟು ದೊಡ್ಡ ಆಳು ಚಿಕ್ಕವನಾಗಿ ಕಂಡ.

"ನನ್ನ ಟಿಲ್ಲರಿಗೆ ಕರ್ಕೊಂಡು ಹೋಗ್ತೀರಾ? ಹಾಯ್ಟ್ ಹತ್ರ ಮಾತಾಡ್ಬೇಕು."

"ನಿನ್ನ ಕಾರಿಗೇನಾಗಿದೆ?"

"ಅದರ ಬಾಗಿಲ ಮೇಲೆ ನನ್ನ ಮುಖ ಇದೆ, ಮಿಸ್ ವರ್ನೆಲ್."

ನನ್ನ ಹಳೇ ಪಿಕಪ್ಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಟೋಪಿ ಮೂಗಿನ ತನಕ ಇಳಿಸಿಕೊಂಡಿದ್ದ. ಹಾಯ್ಟ್ ಶಾಲೆ ಬಿಟ್ಟ ಮೇಲೆ ತರಗತಿಯಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಗ್ರೇಡಿಯನ್ನು ಕಂಡು ಮತ್ತೆ ಕೂತ.

"ಹಾಯ್ಟ್, ನೀನು ವಾಪಸ್ ಬಾ. ನನ್ನ ಕೈಕೆಳಗೇ, ಮೊದಲಿನ ಹಾಗೆ."

ಹಾಯ್ಟ್ ಪೆನ್ನಿಗೆ ಮುಚ್ಚಳ ಹಾಕಿದ. ಎದ್ದು ಹೋಗಿ ಹಲಗೆಯ ಮೇಲೆ ಹನ್ನೊಂದು ಸೊನ್ನೆ ಬರೆದ, ಎದುರಿಗೆ ಹನ್ನೊಂದು ಗುಣಾಕಾರದ ಗುರುತು, ನಡುವೆ ಬಾಣಗಳು.

"ಆ ವರ್ಷ ನಮಗೆ ಕಪ್ ತಂದುಕೊಟ್ಟ ಓಟ ಇದು. ಚೆಂಡು ಯಾರ ಕೈಗೆ ಹೋಗುತ್ತೆ ಹೇಳು. ಅಷ್ಟು ಹೇಳಿದ್ರೆ ನಾಳೆನೇ ಬರ್ತೀನಿ."

ಗ್ರೇಡಿ ಹಲಗೆಯ ಹತ್ತಿರ ಹೋದ. ದೂರ ಬಂದು ನೋಡಿದ. ಒಂದು ಸೊನ್ನೆಯ ಮೇಲೆ ಬೆರಳಿಟ್ಟು, ತೆಗೆದು, ಇನ್ನೊಂದು ಗುರುತಿನ ಮೇಲಿಟ್ಟ. ಅದು ಎದುರಾಳಿಯ ಗುಣಾಕಾರ. ಅವನ ಕಿವಿಯ ಹಿಂದೆ ಬೆವರು ಇಳಿಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಅವನ ಮೇಲೆ ಕನಿಕರ ಬಂತು.

ಕೊನೆಗೆ ನಮ್ಮ ಕಡೆ ತಿರುಗಿ, ಮೆಲ್ಲಗೆ, "ಮುಖ್ಯವಾದದ್ದು... ಮನೋಬಲ ಅಲ್ವಾ ಹಾಯ್ಟ್?" ಅಂದ.

ಕನಿಕರ ಹೋಯಿತು.

ಹಾಯ್ಟ್ ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಂಗೆ ಇಲ್ಲಿ ಚೆನ್ನಾಗಿದೆ, ಗ್ರೇಡಿ. ಈ ಮಕ್ಕಳಿಗೆ ಉತ್ತರ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಾರೆ," ಎಂದು ಹಲಗೆ ಒರೆಸಿ, ಮತ್ತೆ ಪತ್ರಿಕೆ ತಿದ್ದಲು ಕೂತ.

ವಾಪಸ್ ಬರುವಾಗ ಇಪ್ಪತ್ತನೇ ಮೈಲಿಯಲ್ಲಿ ಗ್ರೇಡಿ ಟೋಪಿ ಮೇಲೆತ್ತಿದ. ಆಮೇಲೆ, "ಆ ಮನುಷ್ಯ ಹಠಮಾರಿ," ಅಂದ. ನಾನು ಗಾಡಿ ನಿಲ್ಲಿಸಿ ಅವನನ್ನು ಅಲ್ಲೇ ಇಳಿಸಬಹುದಿತ್ತು. ಮಂಡಿ ನೋವಿನವನು ಅಂತ ಆ ಯೋಚನೆ ಬಿಟ್ಟೆ.

ಇನ್ನೂ ಎರಡು ವರ್ಷ ಸೋತು ಅವನು ನಿವೃತ್ತನಾದ. ಕಾಲೇಜು ಮೈದಾನಕ್ಕೆ ಅವನ ಹೆಸರಿಟ್ಟಿತು. ಬ್ಯೂಫರ್ಡ್ ಭಾಷಣ ಮಾಡುತ್ತ, ಕಪ್ ತಂದ ವರ್ಷವನ್ನು ಮೂರು ಸಲ ಹೇಳಿದ, ಮಿಕ್ಕ ವರ್ಷಗಳನ್ನು ಒಂದು ಸಲವೂ ಹೇಳಲಿಲ್ಲ. ಹಾಯ್ಟ್‌ಗೂ ಕರೆಯೋಲೆ ಹೋಗಿತ್ತು. ಅವನು ಬರಲಿಲ್ಲ, ಟಿಲ್ಲರಿಯಲ್ಲಿ ಅವತ್ತು ಪರೀಕ್ಷೆ ಇತ್ತಂತೆ.

ಈಗ ಶನಿವಾರ ಮಧ್ಯಾಹ್ನಗಳಲ್ಲಿ ಗ್ರೇಡಿ ರೇಡಿಯೋದಲ್ಲಿ ಮಾತಾಡುತ್ತಾನೆ. ಬೇರೆ ಕೋಚ್‌ಗಳು ಎಲ್ಲಿ ತಪ್ಪಿದರು ಅಂತ ಬಿಡಿಸಿ ಹೇಳುವುದು ಅವನ ಕೆಲಸ. ತುಂಬಾ ಚೆನ್ನಾಗಿ ಹೇಳುತ್ತಾನೆ ಅಂತ ಊರವರ ಅಭಿಪ್ರಾಯ. ನಾನೂ ಕಡಲೆಕಾಯಿ ಬೇಯಿಸಿಕೊಂಡು ಕೂತು ಕೇಳುತ್ತೇನೆ. ಹೋದ ವಾರ ನಮ್ಮ ಹುಡುಗರು ಸೋತಾಗ ಹೊಸ ಕೋಚ್‌ಗೆ ಲೆಕ್ಕಾಚಾರವೇ ಗೊತ್ತಿಲ್ಲ ಎಂದು ಬೈದ.