ತಿಪ್ಪೆಯಿಂದ ಎತ್ತಿದ ಮಗು

"ಏಳೇ ಲೌಡಿ, ಮೇಲಕ್ಕೆ ಬಾ. ನಿಮ್ಮಪ್ಪ ಬುಟ್ಟೋದ ಗದ್ದೆ ಅಂದ್ಕಂಡಿದ್ದೀಯೇನೆ ಇದ?"

ಏರಿಯ ಮೇಲೆ ನಿಂತು ದೊಡ್ಡಮನೆಯ ಫೋಡೇಬಾ ಮುದುಕ ಕೂಗಿದಾಗ ನ್ಯಾಲಿಂಗ್ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ನಾಟಿ ಮಾಡುತ್ತಿದ್ದಳು. ಕೈಯಲ್ಲಿದ್ದ ಸಸಿಯ ಕಟ್ಟು ಬಿಡದೆ ನೆಟ್ಟಗಾದಳು. ಆ ಹೊಳೆದಂಡೆಯ ಮಂಡಿಂಕಾ ಜನ ಎದುರುಬದುರಾದರೆ ಮೊದಲು ನೆಮ್ಮದಿಯೇ ಎನ್ನಬೇಕು, ಮನೆಯವರನ್ನು ಕೇಳಬೇಕು, ಮಕ್ಕಳು ಮರಿ, ದನಕರು, ಬೆಳೆ ಎಲ್ಲ ವಿಚಾರಿಸಿದ ಮೇಲೆಯೇ ಬಂದ ಕೆಲಸದ ಮಾತು. ಜಗಳಕ್ಕೆ ಬಂದವನೂ ಅಷ್ಟು ಕೇಳಿಯೇ ಜಗಳ ತೆಗೆಯುತ್ತಾನೆ. ಆದರೆ ಆಳಿನ ಕುಲದವರನ್ನು ಹಾಗೆ ವಿಚಾರಿಸುವ ರೂಢಿ ದೊಡ್ಡಮನೆಯಲ್ಲಿ ಇರಲಿಲ್ಲ.

ಮುದುಕ ಜಪಮಣಿ ಎಣಿಸುತ್ತಲೇ ವಿಷಯ ಹೇಳಿದ. ಸೊಸೆ ತೆನೆಂಗ್ ಗಂಡು ಹೆತ್ತಿದ್ದಾಳೆ. ಅವಳಿಗೆ ಒಳ್ಳೆಯ ಗದ್ದೆ ಬೇಕು. ಇಂದಿನಿಂದ ಇದು ಅವಳದು. ನ್ಯಾಲಿಂಗ್ ನಾಟಿ ಮುಗಿಸಿಕೊಡಬೇಕು, ಕಳೆ ಕೀಳಬೇಕು, ಹಕ್ಕಿ ಕಾಯಬೇಕು. ಕೊಯ್ಲು ಮಾತ್ರ ತೆನೆಂಗ್‌ಳದು.

"ಒಡೆಯಾ, ಇದು ನಮ್ಮವ್ವ ಕಡ್ದ ನೆಲ," ಎಂದಳು ನ್ಯಾಲಿಂಗ್.

ಸುಳ್ಳಲ್ಲ. ಹೊಳೆಯ ಕವಲು ಊರೊಳಗೆ ನುಗ್ಗುವ ಆ ಮೂಲೆಯಲ್ಲಿ ಹಿಂದೆ ಬರೀ ಉಪ್ಪುನೀರಲ್ಲಿ ಬೇರುಬಿಟ್ಟು ಬೆಳೆಯುವ ಕಾಂಡ್ಲಾ ಕಾಡಿತ್ತು. ಅವಳ ತಾಯಿ ಕೊಡಲಿ ಹಿಡಿದು ಬೇರು ಕಿತ್ತಳು. ನ್ಯಾಲಿಂಗ್ ದೊಡ್ಡವಳಾಗಿ ಮಣ್ಣು ಹೊತ್ತು ಏರಿ ಹಾಕಿದಳು. ಉಬ್ಬರದ ಉಪ್ಪುನೀರನ್ನು ಏರಿ ಹೊರಗೇ ತಡೆಯಬೇಕು, ಒಳಗಿನ ಉಪ್ಪನ್ನು ಮಳೆ ತೊಳೆಯಬೇಕು. ವರ್ಷ ವರ್ಷ ಕಾದ ಮೇಲೆ ಆ ನೆಲ ಭತ್ತ ಕೊಟ್ಟಿತು. ಅಷ್ಟು ಕಾಲ ಅವರ ಮನೆಯಲ್ಲಿ ಬೇಯಿಸಿದ ಸೊಪ್ಪೇ ಊಟ. ಹೆಂಗಸು ಕಡಿದು ಮಾಡಿದ ಗದ್ದೆ ಹೆಂಗಸಿಗೇ ಎಂಬುದು ಊರೆಲ್ಲ ಒಪ್ಪಿದ ಮಾತು.

"ನಿಮ್ಮವ್ವ ಯಾರವ್ಳು? ನಮ್ಮನೆ ಆಳು. ಅವ್ಳು ಕಡ್ದ್ರೆ ನಾನೇ ಕಡ್ದಂಗೆ. ಬಾಯ್ಮುಚ್ಕಂಡು ನೆಡು."

ಮನುಷ್ಯರನ್ನು ಕೊಂಡು ಆಳಾಗಿ ಇಟ್ಟುಕೊಳ್ಳಬಾರದೆಂಬ ಕಾನೂನು ಬಂದದ್ದು ನ್ಯಾಲಿಂಗ್‌ಳ ಮುತ್ತಜ್ಜಿಯ ಕಾಲಕ್ಕೆ. ಬಂದು ಏನಾಯಿತು? ದೊಡ್ಡಮನೆಯ ನಾಮಕರಣಕ್ಕೆ ಕುರಿ ಸುಲಿಯುವವರು ಈಗಲೂ ಇವರೇ, ಮದುವೆಗೆ ಸೌದೆ ಹೊರುವವರೂ ಇವರೇ. ಮಸೀದಿಯಲ್ಲಿ ಕೊನೆಯ ಸಾಲು, ಸತ್ತರೆ ಊರ ಕೆಳಗಿನ ಚೌಳು ನೆಲ.

ಅದೇ ದಿನ ಹೊತ್ತು ಇಳಿಯುವಾಗ ಮುದುಕನ ಹೆಂಡತಿ ಸೂತಾಯ್ ನ್ಯಾಲಿಂಗ್‌ಳ ಗುಡಿಸಲಿಗೆ ಬಂದಳು. ಹಿಂದೆ ಎಂದೂ ಬಂದವಳಲ್ಲ. ಬಾಗಿಲಲ್ಲಿ ಕಾಲುಮಡಿಸಿ ಕೂತು, ಸಮಾನರನ್ನು ಮಾತಾಡಿಸುವ ಹಾಗೆ ಶುರು ಮಾಡಿದಳು.

"ನೆಮ್ಮದಿಯೇನಮ್ಮಿ?"

"ನೆಮ್ಮದಿ ಅವ್ವಾ."

"ಮನೆಯವ್ರು ಎಲ್ಲವ್ರೆ?"

"ಅಲ್ಲೇ ಅವ್ರೆ."

ಅಲ್ಲೇ ಇದ್ದಾರೆ ಎಂದೇ ಹೇಳಬೇಕು, ಅವರ ಮಾತಿನಲ್ಲಿ ಅದಕ್ಕೆ ಬೇರೆ ಉತ್ತರವಿಲ್ಲ. ನ್ಯಾಲಿಂಗ್‌ಳ ಗಂಡ, ಅವನ ಪಕ್ಕದಲ್ಲಿ ಎರಡು ಕೂಸುಗಳು, ಎಲ್ಲರೂ ಆ ಚೌಳು ನೆಲದಲ್ಲಿ ಮಣ್ಣಾಗಿದ್ದರು. ಇವತ್ತೇ ಯಾಕೆ ಈ ಮುದುಕಿ ಇಷ್ಟು ಮರ್ಯಾದೆ ಕೊಡುತ್ತಿದ್ದಾಳೆ ಎಂದು ಅವಳಿಗೆ ಭಯವಾಯಿತು.

ಸೂತಾಯ್ ಬಂದ ಕೆಲಸ ಹೇಳಿದಳು. ತೆನೆಂಗ್‌ಳ ಹಿಂದಿನ ಕೂಸುಗಳು ಒಂದೂ ಉಳಿಯಲಿಲ್ಲ. ಇದಾದರೂ ಉಳಿಯಬೇಕಾದರೆ ನಾಳೆ ನಾಮಕರಣಕ್ಕೆ ಮುಂಚೆ ಮಗುವನ್ನು ತಿಪ್ಪೆಗೆ ಹಾಕಬೇಕು, ಆಳಿನ ಕುಲದ ಹೆಂಗಸು ಅದನ್ನು ಎತ್ತಿ ತನ್ನದೆನ್ನಬೇಕು, ಕಸದ ಹೆಸರಿಡಬೇಕು. ಹೊತ್ತು ಮುಳುಗುವ ತನಕ ಅದು ಅವಳ ಮಗು. ದೊಡ್ಡಮನೆಯವರು ಯಾರೂ ಅದನ್ನು ಮುಟ್ಟಬಾರದು, ನಮ್ಮದೆಂದು ಬಾಯಿಬಿಡಬಾರದು. ಸಾವು ಹತ್ತಿರವೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ. ಆಳಿನ ಮಗು ತನಗೇಕೆ ಎಂದು ಅದು ದಾಟಿ ಹೋದ ಮೇಲೆ, ಸಂಜೆಗೆ ತಾಯಿ ಬಂದು ಒಂದು ಹಿಡಿ ಉಪ್ಪು ಕೊಟ್ಟು ಮಗುವನ್ನು ಕೊಂಡುಕೊಳ್ಳುತ್ತಾಳೆ.

ನ್ಯಾಲಿಂಗ್ ನೆಲ ನೋಡುತ್ತಾ ಕೂತಳು. ತನ್ನವೆರಡು ಆಳಿನ ಹೊಟ್ಟೆಯಲ್ಲೇ ಹುಟ್ಟಿದ್ದವಲ್ಲ, ಅವನ್ನು ಯಾಕೆ ದಾಟಿ ಹೋಗಲಿಲ್ಲ ಈ ಸಾವು? ಕೇಳಬೇಕೆನ್ನಿಸಿತು. ಕೇಳಿದ್ದು ಬೇರೆ.

"ನನ್ ಗದ್ದೆ ನಂಗೆ ಬುಡ್ಸಿಕೊಡಿ ಅವ್ವಾ. ಇನ್ನೇನೂ ಬ್ಯಾಡ."

"ಭತ್ತದ ಗದ್ದೆ ಹೆಂಗಸ್ರ ಮಾತು ಕಣಮ್ಮಿ, ಗಂಡಸ್ರದೇನೈತೆ ಅದ್ರಾಗೆ? ನೀ ಮಗೀನ ಎತ್ಕೊ. ಗದ್ದೆ ನಿಂದೇ," ಎಂದು ಸೂತಾಯ್ ಅಂಗೈಯನ್ನು ನೆಲಕ್ಕೆ ಊರಿ ಅಲ್ಲಾನ ಮೇಲೆ ಆಣೆ ಇಟ್ಟಳು.

ಮರುದಿನ ಬೆಳಿಗ್ಗೆ ದೊಡ್ಡಮನೆಯ ಹಿತ್ತಲಲ್ಲಿ ಹೆಂಗಸರೆಲ್ಲ ಸೇರಿದ್ದರು. ಬೂದಿ, ಮೀನಿನ ಮುಳ್ಳು, ಕಡಲೆಕಾಯಿ ಸಿಪ್ಪೆಯ ರಾಶಿಯ ಮೇಲೆ ಹಳೆಯ ಸೋರೆಬುರುಡೆಯ ಬೋಗುಣಿ, ಅದರೊಳಗೆ ಹರಕು ಬಟ್ಟೆಯಲ್ಲಿ ಸುತ್ತಿದ ಮಗು. ಪಕ್ಕದಲ್ಲಿ ಕೋಳಿ ಕೆದಕುತ್ತಿತ್ತು. ಮಗು ಕಿರುಚಿ ಕಿರುಚಿ ನೀಲಿಗಟ್ಟಿತ್ತು. ತೆನೆಂಗ್ ಗೋಡೆಗೆ ಮುಖ ಮಾಡಿ, ತಲೆವಸ್ತ್ರದ ತುದಿ ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಅವಳನ್ನು ನೋಡಿ ನ್ಯಾಲಿಂಗ್‌ಗೆ ಅಯ್ಯೋ ಅನ್ನಿಸಿತು. ಹೋಗಿ ಎತ್ತಿಕೊಂಡಳು.

"ತಿಪ್ಪೇಲಿ ಸಿಕ್ತು. ಯಾರ್ದೂ ಅಲ್ಲ. ಆಳಿನ ಮಗ, ನನ್ ಮಗ. ಹೆಸ್ರು ತಿಪ್ಪೆ."

ಎದೆಗೆ ಹಿಡಿದ ಕೂಡಲೇ ಮಗು ಸುಮ್ಮನಾಯಿತು. ಹೆಂಗಸರು ನಕ್ಕರು, ಚಪ್ಪಾಳೆ ತಟ್ಟಿದರು. ನ್ಯಾಲಿಂಗ್ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮುಂದಿನ ಅಂಗಳಕ್ಕೆ ಬಂದಳು. ಅಲ್ಲಿ ಗಂಡಸರು ಚಾಪೆಯ ಮೇಲೆ ಕೂತು ಅಡಿಕೆಯ ಹಾಗೆ ಕೋಲಾ ಕಾಯಿ ಅಗಿಯುತ್ತಿದ್ದರು. ಫೋಡೇಬಾನ ಮುಂದೆ ಮಂಡಿಯೂರಿ, ಅವ್ವ ಮಾತು ಕೊಟ್ಟಿದ್ದಾರೆ, ಗದ್ದೆ ನನ್ನದೆಂದು ಎಲ್ಲರೆದುರು ಒಂದು ಮಾತು ಅಂದುಬಿಡಿ ಎಂದಳು.

ಮುದುಕ ಮೊದಲು ಹೆಂಡತಿಯ ಕಡೆ ನೋಡಿದ. ಸೂತಾಯ್ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಳ್ಳತೊಡಗಿದಳು.

"ನಾನೆಲ್ಲಿ ಅಂಗಂದೆ?" ಎಂದಳು.

"ಕೇಳುದ್ರೇನ್ರಪ್ಪಾ," ಎಂದು ಫೋಡೇಬಾ ಚಾಪೆಯವರತ್ತ ತಿರುಗಿದ. "ತಿಪ್ಪೆ ಮುಟ್ಟಕ್ಕೂ ಕೂಲಿ ಕೇಳ್ತಾಳೆ ಮುಂಡೆ. ಇವ್ಳವ್ವಂಗೆ ಬಾಯೇ ಇರ್ನಿಲ್ಲ, ಇವ್ಳಿಗೆ ಎರಡವೆ." ಎಲ್ಲರೂ ನಕ್ಕರು. ಕೊನೆಯಲ್ಲಿ ಕೂತಿದ್ದ, ಅವಳದೇ ಕುಲದ ಇಬ್ಬರು ಗಂಡಸರೂ ನಕ್ಕರು. ಮುದುಕ ಕೋಲಾ ಎಂಜಲು ಉಗಿದು, "ನಾಟಿ ಉಳ್ದೈತೆ, ನಡಿ. ಆ ಕಸಾನೂ ಹೊತ್ಕಂಡೇ ಹೋಗು," ಎಂದ.

ಅವಳು ಹೋದಳು. ಇನ್ನೇನು ಮಾಡಬೇಕಿತ್ತು? ಗದ್ದೆಗಿಳಿದು ಉಳಿದ ಸಾಲು ನೆಟ್ಟಳು. ಬಿಸಿಲಿಗೆ ಮಗುವಿನ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ಕೊನೆಯ ಸಸಿ ಊರಿ ನಿಂತು ನೋಡಿದರೆ ಗದ್ದೆ ತುಂಬ ಹಸಿರು, ಒಂದು ಸಾಲೂ ಸೊಟ್ಟಗಿಲ್ಲ. ತನ್ನ ಕೈಕೆಲಸ ಕಂಡು ಅವಳಿಗೆ ಅಳು ಬಂತು. ನಾಳೆಯಿಂದ ಇದಕ್ಕೇ ಕಳೆ ಕೀಳುವ ಕೂಲಿಯವಳು ತಾನು.

ಏರಿಯಾಚೆ ಉಬ್ಬರ ಏರುತ್ತಿತ್ತು. ಈ ವರ್ಷ ಮಳೆ ತಡವಾಗಿದ್ದರಿಂದ ಹೊಳೆ ಇನ್ನೂ ಕಡಲಿನಷ್ಟೇ ಉಪ್ಪು. ನ್ಯಾಲಿಂಗ್ ಗುದ್ದಲಿ ತೆಗೆದುಕೊಂಡಳು. ಏರಿಯ ಯಾವ ಜಾಗ ಮೆತ್ತಗಿದೆ ಎಂದು ಹುಡುಕಬೇಕಾಗಿರಲಿಲ್ಲ, ಕಟ್ಟಿದವಳೇ ಅವಳು. ಮೊದಲ ಏಟಿಗೆ ಮಣ್ಣು ಬಿರಿಯಿತು. ಆಮೇಲೆ ನೀರು ತಾನೇ ದಾರಿ ಮಾಡಿಕೊಂಡು ಭೋರೆಂದು ಒಳನುಗ್ಗಿತು. ಎಳೆಯ ಪೈರು ಮಲಗಿತು.

ಅಕ್ಕಪಕ್ಕದ ಗದ್ದೆಯ ಹೆಂಗಸರು ಬಾಯಿ ಬಡಿದುಕೊಂಡು ಊರತ್ತ ಓಡಿದರು. ಸ್ವಲ್ಪ ಹೊತ್ತಿಗೆ ದೊಡ್ಡಮನೆಗೆ ದೊಡ್ಡಮನೆಯೇ ಏರಿಯ ಮೇಲೆ ಬಂದು ನಿಂತಿತು. ಫೋಡೇಬಾನ ಕೈಯಲ್ಲಿ ಚಾವಟಿ ಇತ್ತು. ನ್ಯಾಲಿಂಗ್ ಗದ್ದೆಯ ನಟ್ಟನಡುವೆ ನಿಂತಿದ್ದಳು. ಬೆನ್ನ ಮೇಲೆ ಮಗು ನಿದ್ದೆ ಹೋಗಿತ್ತು. ಚಾವಟಿ ಬೀಸುವ ಹಾಗಿಲ್ಲ. ಇಳಿದುಹೋಗಿ ಕಿತ್ತುಕೊಳ್ಳುವ ಹಾಗಿಲ್ಲ. ಹೊತ್ತು ಇನ್ನೂ ಮೇಲಿತ್ತು, ಮಗು ಇನ್ನೂ ಅವಳದೇ. ತೆನೆಂಗ್ ಬಾಯಿ ತೆರೆದಳು, ಅತ್ತೆ ಅವಳ ಬಾಯಿ ಮುಚ್ಚಿದಳು.

"ಲೇ ನ್ಯಾಲಿಂಗೂ," ಎಂದ ಮುದುಕ. ಚಾವಟಿ ಕೆಳಗಿಳಿಸಿದ. "ಆ... ನಿನ್ ಮಗೀನ ಎತ್ಕಂಡು ಮೇಲಕ್ಕೆ ಬಾರವ್ವ."

ಅವಳು ಅಂಗೈಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿ ನೋಡಿದಳು. ಉಪ್ಪು. ಇನ್ನು ಈ ನೆಲದಲ್ಲಿ ತೆನೆಂಗ್‌ಗೂ ಭತ್ತವಿಲ್ಲ, ತನಗೂ ಇಲ್ಲ. ಅವ್ವನ ದುಡಿಮೆಯೆಲ್ಲ ಮಣ್ಣುಪಾಲು.

"ನೆಮ್ಮದಿಯೇನ್ ಒಡೆಯಾ?" ಎಂದು ಕೂಗಿದಳು. "ಮನೆಯವ್ರು ಎಲ್ಲವ್ರೆ?"

ಅಲ್ಲೇ ಅವ್ರೆ ಅನ್ನಬೇಕಾದ ಮುದುಕ ಅವಳ ಬೆನ್ನ ಮೇಲಿನ ಮಗುವನ್ನೂ ಇನ್ನೂ ಮುಳುಗದ ಹೊತ್ತನ್ನೂ ನೋಡಿದ. ನೀರು ಅವಳ ಮೊಣಕಾಲು ದಾಟಿತ್ತು, ಇನ್ನೂ ಏರುತ್ತಿತ್ತು.