ಮಾರ್ಲಿಸಳ ಪ್ರಚಾರದ ಬಜೆಟ್ಟು

ಹನ್ನೊಂದು ವರ್ಷದ ಕೆಳಗೆ, ಕೈಗವಸಿನ ಅಂಗಡಿಯ ಬೀಗದಕೈ ಒಪ್ಪಿಸುವಾಗ ಆರ್ವಿಡ್ ಮಗಳಿಂದ ಒಂದು ಮಾತು ತೆಗೆದುಕೊಂಡಿದ್ದ: "ನಮ್ಮನ್ನ ನಾವೇ ಹೊಗಳ್ಕೊಳ್ಳೋಕೆ ಈ ಅಂಗಡಿ ದುಡ್ಡಲ್ಲಿ ಒಂದು ಡಾಲರೂ ಖರ್ಚು ಮಾಡ್ಬಾರ್ದು." ಮಾರ್ಲಿಸ್ "ಆಯ್ತಪ್ಪ" ಎಂದಿದ್ದಳು. ಅದೇನು ಕಷ್ಟದ ಮಾತೇ? ಅಮೆರಿಕದ ಉತ್ತರ ಮಿನ್ನೆಸೋಟದ ಆ ಊರಿನಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದೂ ಒಂದೇ, ಚಡ್ಡಿಯಲ್ಲಿ ಚರ್ಚಿಗೆ ಹೋಗುವುದೂ ಒಂದೇ. ಮದುವೆಯ ದಿನ ಅವಳ ಗಂಡ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಪರವಾಗಿಲ್ಲ" ಎಂದಾಗ ಅವಳ ತಾಯಿ ಕಣ್ಣೊರೆಸಿಕೊಂಡಿದ್ದಳು, ಇಷ್ಟು ಪ್ರೀತಿಸುವ ಅಳಿಯ ಸಿಕ್ಕನಲ್ಲಾ ಎಂದು.

ಆದರೆ ಹೆದ್ದಾರಿಯ ಪಕ್ಕ ದೊಡ್ಡ ಅಂಗಡಿ ಬಂದ ಮೇಲೆ ಮಾರ್ಲಿಸಳ ಉಣ್ಣೆಯ ಕೈಗವಸು ಕೇಳುವವರಿಲ್ಲ. ಕ್ರಿಸ್‌ಮಸ್ಸಿಗೆ ಮುಂಚೆ ಇನ್ನೂರು ಜೊತೆ ಹೋದರೆ ಸರಿ, ಇಲ್ಲವಾದರೆ ಅಂಗಡಿ ಮುಚ್ಚಿ ಟರ್ಕಿ ಕೋಳಿ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ಪುಕ್ಕ ಕೀಳಬೇಕು. ಉಳಿತಾಯದ ಬಹುಪಾಲು ಸುರಿದು ಅವಳು ವೆಬ್‌ಸೈಟು ಮಾಡಿಸಿದಳು. ಸಲಹೆಗೆಂದು ಮಿನಿಯಾಪೊಲಿಸಿನ ಗ್ರೆಚೆನ್ ಎಂಬ ಪ್ರಚಾರದವಳಿಗೆ ಫೋನ್ ಮಾಡಿದಳು. ಗ್ರೆಚೆನ್ ಹುಟ್ಟಿ ಬೆಳೆದದ್ದು ಟೆಕ್ಸಸಿನಲ್ಲಿ. ಅಲ್ಲಿಯವರು ಉಸಿರಾಡಿದ್ದಕ್ಕೂ ಚಪ್ಪಾಳೆ ಹೊಡೆಸಿಕೊಳ್ಳುವ ಪೈಕಿ.

"ಸೈಟು ಮಾಡ್ಸಿದ್ರಿ, ಸಂತೋಷ. ಅದು ಇದೆ ಅಂತ ಜನಕ್ಕೆ ಹೇಳೋಕೆ ಎಷ್ಟು ಎತ್ತಿಟ್ಟಿದೀರಿ?"

"ಅದನ್ನ ಬೇರೆ ಹೇಳ್ಬೇಕಾ?"

"ಕಾಡೊಳಗೆ ಅಂಗಡಿ ಇಟ್ಟು ದೀಪ ಆರಿಸ್ಕೊಂಡು ಕೂತ್ರೆ ಕರಡಿ ಬರುತ್ತೆ ಅಷ್ಟೇ! ಸೈಟಿಗೆ ಹಾಕಿದಷ್ಟೇ ಪ್ರಚಾರಕ್ಕೂ ಇಡ್ಬೇಕಮ್ಮ."

"ಸಾವಿರ ಉಳ್ದಿದೆ."

ಆ ಕಡೆ ಒಂದು ನಿಟ್ಟುಸಿರು. "ಸರಿ. ನಂಗೆ ಮುನ್ನೂರು, ಮಿಕ್ಕಿದ್ದು ರೇಡಿಯೊಗೆ. ನಿಮ್ಮ ಕೈಗವಸು ಯಾಕೆ ಒಳ್ಳೇದು ಅಂತ ಒಂದು ಸಾಲು ಬರ್ದು ಕಳ್ಸಿ."

ಮಾರ್ಲಿಸ್ ಬರೆದು ಕಳಿಸಿದಳು: "ನಾವು ಕೈಗವಸು ಹೆಣೆಯುತ್ತೇವೆ. ಬೇರೆಯವರೂ ಹೆಣೆಯುತ್ತಾರೆ."

"ಇದು ಪ್ರಚಾರಾನೋ, ತಪ್ಪೊಪ್ಪಿಗೆನೋ?" ಎಂದಳು ಗ್ರೆಚೆನ್.

ಮಾರ್ಲಿಸ್ ಇನ್ನೊಂದು ಬರೆದಳು: "ನಮ್ಮ ಕೈಗವಸು ಕೊಂಡವರು ಯಾರೂ ಸತ್ತಿಲ್ಲ." ಹೋದ ವರ್ಷ ತೊಂಬತ್ತರ ಮುದುಕಿಯೊಬ್ಬಳು ತೀರಿಕೊಂಡದ್ದು ನೆನಪಾಗಿ, "ಹೆಚ್ಚಿನವರು ಸತ್ತಿಲ್ಲ" ಎಂದು ತಿದ್ದಿದಳು. ಗ್ರೆಚೆನ್ ಫೋನ್ ಇಟ್ಟಳು.

ಒಲೆಯ ಪಕ್ಕ ಕಾಫಿ ಹಿಡಿದು ಕೂತಿದ್ದ ಆರ್ವಿಡ್ ಕೇಳಿದ: "ಆ ಹುಡುಗಿಗೆ ದುಡ್ಡು ಯಾಕೆ?"

"ಸಲಹೆಗಪ್ಪ. ಹೊಗಳಿಕೆಗಲ್ಲ."

"ಹ್ಞೂಂ," ಎಂದ ಆರ್ವಿಡ್. ಅವನ ಮಟ್ಟಿಗೆ ಅದು ಅರ್ಧ ಗಂಟೆಯ ಭಾಷಣ.

ಅಷ್ಟರಲ್ಲಿ ಟೈರು ಅಂಗಡಿಯ ಎಲ್‌ರಾಯ್ ಬಂದ. ಅವನ ಮಂಡಿ ಆಪರೇಷನ್ ಆದಾಗ ಮಾರ್ಲಿಸ್ ಒಂದು ಪಾತ್ರೆ ತುಂಬ ಹಾಟ್‌ಡಿಶ್, ಅಂದರೆ ಆಲೂಗಡ್ಡೆ ಹಾಕಿ ಒಲೆಯಲ್ಲಿ ಬೇಯಿಸಿದ ಊಟ, ಕಳಿಸಿದ್ದಳು. ಆ ಊರಿನಲ್ಲಿ ಯಾರೂ ಪಾತ್ರೆ ಖಾಲಿ ಹಿಂದಿರುಗಿಸುವುದಿಲ್ಲ. ಅವನೂ ಅದರ ತುಂಬ ನಿಂಬೆಹಣ್ಣಿನ ಸಿಹಿ ತಂದಿದ್ದ. "ನಿನ್ ಋಣ ಇಟ್ಕೊಂಡು ನಿದ್ದೆ ಬರ್ತಿರ್ಲಿಲ್ಲ ಕಣಮ್ಮ," ಎಂದ. ಹೊರಡುತ್ತೇನೆಂದು ಬಾಗಿಲಲ್ಲಿ ನಿಂತು ಹವಾಮಾನ, ಮೀನು, ಮಂಡಿ ಎಲ್ಲ ಮುಗಿಸಿಕೊಂಡು ಹೊರಟ. ಮಾರ್ಲಿಸ್ ಸಿಹಿ ಬಾಯಿಗಿಟ್ಟು ಹಾಗೇ ನಿಂತಳು. ಪಾತ್ರೆಗೆ ನಡೆಯುವುದು ಹೊಗಳಿಕೆಗೆ ಯಾಕೆ ನಡೆಯಬಾರದು?

ಮರುದಿನ ರೇಡಿಯೊದಲ್ಲಿ ಬಂತು: "ಎಲ್‌ರಾಯನ ಟೈರುಗಳು ಒಳ್ಳೆಯವು. ಹೀಗೆಂದವರು ಮಾರ್ಲಿಸ್ ಕೈಗವಸಿನ ಅಂಗಡಿಯವರು. ಅವರದೂ ಒಂದು ವೆಬ್‌ಸೈಟು ಇದೆ."

ಗ್ರೆಚೆನ್ ಫೋನಿನಲ್ಲಿ ಕೂಗಾಡಿದಳು. "ಇಡೀ ಬಜೆಟ್ ಟೈರಿಗೆ ಸುರಿದ್ರಾ?"

"ಇಡೀದಲ್ಲ. ಬೇಕರಿಗೂ ಒಂಚೂರು."

ಎಲ್‌ರಾಯ್ ಕಂಗಾಲಾದ. ಊರಿಗೆಲ್ಲ ಕೇಳುವಂತೆ ಹೊಗಳಿಸಿಕೊಂಡ ಮೇಲೆ ಸುಮ್ಮನಿರುವುದು ಹೇಗೆ? ತನ್ನದೇ ದುಡ್ಡು ಕಟ್ಟಿ ರೇಡಿಯೊದಲ್ಲಿ ಎರಡು ಪಟ್ಟು ಹಿಂದಿರುಗಿಸಿದ. ಪಾಪ, ಅವನಿಗೆ ಹೊಗಳಲು ಬರುತ್ತಿದ್ದದ್ದು ಟೈರನ್ನು ಮಾತ್ರ: "ಮಾರ್ಲಿಸಳ ಕೈಗವಸು ಹಿಮದಲ್ಲಿ ಜಾರುವುದಿಲ್ಲ. ಗ್ರೀಸು ಅಂಟುವುದಿಲ್ಲ. ನಲವತ್ತು ಸಾವಿರ ಮೈಲಿ ಗ್ಯಾರಂಟಿ."

ಸುತ್ತಲಿನ ಮೆಕ್ಯಾನಿಕ್ಕುಗಳು, ಟ್ರಕ್ಕಿನವರು ಸೈಟಿಗೆ ಮುಗಿಬಿದ್ದರು. ವಾರದೊಳಗೆ ಅಷ್ಟೂ ಕೈಗವಸು ಗ್ರೀಸು ಮೆತ್ತಿಕೊಂಡು ವಾಪಸು ಬಂದವು. ಖಾಲಿ ಕೈಯಲ್ಲಿ ಕಳಿಸಬಾರದೆಂದು ಪ್ರತಿ ಡಬ್ಬಿಯಲ್ಲೂ ಒಂದಿಷ್ಟು ಬಿಸ್ಕತ್ತು. ಹಣ ವಾಪಸು ಕೊಟ್ಟು, ಬಿಸ್ಕತ್ತು ತಿನ್ನುತ್ತಾ ಮಾರ್ಲಿಸ್ ಬಜೆಟ್ಟು ನೋಡಿದಳು. ಉಳಿದದ್ದು ನಲವತ್ತು ಡಾಲರು. ರೇಡಿಯೊದಲ್ಲಿ ಹತ್ತು ಸೆಕೆಂಡು.

"ತಪ್ಪು ತಿದ್ದಲೇಬೇಕು," ಎಂದಳು ಫೋನಿನಲ್ಲಿ.

"ಬರೀ ತಿದ್ದಿ ನಿಲ್ಸಿದ್ರೆ ಅಂಗಡಿಗೆ ನೀವೇ ಮೊಳೆ ಹೊಡ್ದಂಗೆ," ಎಂದಳು ಗ್ರೆಚೆನ್. "ಕೈ ಮುಗೀತೀನಿ ಮಾರ್ಲಿಸ್, ಕೊನೇಲಿ ಒಂದೇ ಒಂದು ಒಳ್ಳೇ ಮಾತು."

ಮಾರ್ಲಿಸ್ ತಾನೇ ಹೋಗಿ ಮೈಕಿನ ಮುಂದೆ ಕೂತಳು. "ನಮ್ಮ ಕೈಗವಸಿಗೆ ಗ್ರೀಸು ಅಂಟುತ್ತದೆ. ಮೈಲಿಯ ಗ್ಯಾರಂಟಿ ಇಲ್ಲ." ಇನ್ನೂ ಮೂರು ಸೆಕೆಂಡಿತ್ತು. ಟರ್ಕಿ ಕೋಳಿಯ ಪುಕ್ಕಗಳು ಕಣ್ಣಮುಂದೆ ಹಾರಾಡಿದವು. ಕಿವಿಯವರೆಗೆ ಕೆಂಪಾಗಿ ಅಂದುಬಿಟ್ಟಳು: "ಬೆಚ್ಚಗಿರುತ್ತವೆ."

ಕೆಫೆಯಲ್ಲಿ ಬಾಯಿಗೆ ಹೋಗುತ್ತಿದ್ದ ಕಪ್ಪುಗಳು ಅಲ್ಲೇ ನಿಂತವು. ಆರ್ವಿಡನ ಮಗಳು, ರೇಡಿಯೊದಲ್ಲಿ, ತನ್ನ ಬಾಯಿಂದ! ಅಂಥ ಮನೆಯವಳು ಇಷ್ಟು ಹೇಳಬೇಕಾದರೆ ಆ ಕೈಗವಸಿಗೆ ಬೆಂಕಿಯೇ ಹತ್ತಿರಬೇಕು ಎಂದು ಜನ ಮಾತಾಡಿಕೊಂಡರು. ಸಂಜೆಗೆ ಸೈಟು ಏದುಸಿರು ಬಿಡುತ್ತಿತ್ತು, ಶನಿವಾರಕ್ಕೆ ಆರ್ಡರು ಇನ್ನೂರು ಜೊತೆ ದಾಟಿತು. "ಒಂದೇ ಪದ!" ಎಂದು ಗ್ರೆಚೆನ್ ಬಿಕ್ಕಿದಳು. "ಟೆಕ್ಸಸಲ್ಲಿ ಇದಕ್ಕೆ ಹೆಲಿಕಾಪ್ಟರ್ ಬೇಕಾಗ್ತಿತ್ತು."

ಆರ್ವಿಡ್ ಬಂದು ಟೊಪ್ಪಿ ತೆಗೆಯದೆ ಕೂತ. "ಕೇಳಿಸ್ಕೊಂಡೆ."

"ಅದು ತಿದ್ದುಪಡಿ ಅಪ್ಪ."

"ಮೊದಲಿನೆರಡು ತಿದ್ದುಪಡಿ. ಕೊನೇದು?"

ಮಾರ್ಲಿಸ್ ಉಣ್ಣೆಯ ಉಂಡೆ ಎತ್ತಿಕೊಂಡು ಸುತ್ತತೊಡಗಿದಳು.

"ಎಷ್ಟಕ್ಕೆ ಬಿತ್ತು ಅದು?"

"ಹನ್ನೆರಡು ಡಾಲರ್ ಆಗಿರ್ಬೋದು."

ಆರ್ವಿಡ್ ಟೊಪ್ಪಿ ತೆಗೆದಿಟ್ಟ. ಆಮೇಲೆ ಕನ್ನಡಕ ಹಾಕಿಕೊಂಡು ಹೆಣಿಗೆಯ ಕಡ್ಡಿಗೆ ಕೈ ಚಾಚಿದ. "ಇನ್ನೂರು ಜೊತೆ ಅಂದ್ರೆ ನೀನೊಬ್ಳೇ ಕೂತ್ರೆ ಮುಗಿಯಲ್ಲ," ಎಂದ.

ಅಪ್ಪನಿಗೆ ಕೊಟ್ಟ ಮಾತನ್ನು ಮಾರ್ಲಿಸ್ ಮುರಿದಿದ್ದಳು.