ಹಲ್ಲಿಗೆ ಕೇಳಿದ ಸದ್ದು

ಆ ಬೆಳಿಗ್ಗೆ ಮಳೆಯಿರಲಿಲ್ಲ, ಮೋಡವೂ ಇರಲಿಲ್ಲ, ಇದ್ದದ್ದು ಗಾಳಿ. ಕಲ್ಲುಗಣಿಯ ತಳದಿಂದ ಎದ್ದು, ಬಂಡೆಯ ಮೈ ಸವರಿಕೊಂಡು ಮೇಲೆ ಬಂದು, ಹಿಟ್ಟಿನಂಥ ಕಲ್ಲುಪುಡಿಯನ್ನು ಕಣ್ಣು ಮೂಗು ಎನ್ನದೆ ತುಂಬುವ ಗಾಳಿ. ಮೇಸ್ತ್ರಿಯ ಹೆಂಡತಿ ತಲೆಗೆ ಬಟ್ಟೆ ಸುತ್ತಿ, ಕಿವಿ ಮಾತ್ರ ಹೊರಗೆ ಬಿಟ್ಟುಕೊಂಡು ನಿಂತಿದ್ದಳು. ಕಿವಿ ಮುಚ್ಚುವಂತಿರಲಿಲ್ಲ. ಅವಳು ಅಲ್ಲಿಗೆ ಬಂದದ್ದೇ ಆ ಕಿವಿಗಳಿಗಾಗಿ.

ಮೇಸ್ತ್ರಿಗೆ ಕಿವಿ ಕೇಳುತ್ತಿರಲಿಲ್ಲ. ಮೂವತ್ತು ವರ್ಷ ಎಂಜಿನ್ನು ರಿಪೇರಿ ಮಾಡುತ್ತ ಅವುಗಳ ಪಕ್ಕದಲ್ಲೇ ತಲೆ ಇಟ್ಟು ಬಾಳಿದವನು. ಒಂದೊಂದು ಎಂಜಿನ್ನೂ ಕಿವಿಯನ್ನು ಚೂರು ಚೂರಾಗಿ ಕಿತ್ತುಕೊಂಡು ಹೋಗಿ, ಈಗ ಏಳು ವರ್ಷದಿಂದ ಅವನಿಗೆ ಪೂರ್ತಿ ನಿಶ್ಶಬ್ದ. ಮನುಷ್ಯರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಯಂತ್ರಕ್ಕೆ ತುಟಿ ಎಲ್ಲಿಂದ ಬರಬೇಕು? ಹಾಗಾಗಿ ಹೆಂಡತಿಯನ್ನು ಜೊತೆಗೆ ಕರೆದೊಯ್ಯುವುದು ರೂಢಿಯಾಯಿತು. "ಕೈ ನಂದು, ಕಿವಿ ಇವಳ್ದು. ಇಬ್ಬರನ್ನೂ ಕೂಡಿಸಿದ್ರೆ ಒಬ್ಬ ಮೇಸ್ತ್ರಿ" ಎಂದು ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ.

ಅವನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಹೋದ ಚಳಿಗಾಲದ ಜ್ವರದ ಮೇಲೆ ಅವಳ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದೊಂದು ಬಂದು ಗೂಡು ಕಟ್ಟಿತ್ತು. ಹೋಗುತ್ತದೆ ಎಂದುಕೊಂಡಳು. ಹೋಗಲಿಲ್ಲ, ಬಲಗಿವಿಗೂ ದಾಟಿತು. ಮೊದಲು ಒಲೆಯ ಮೇಲೆ ನೀರು ಕುದಿಯುವ ಸದ್ದು ಹೋಯಿತು, ಆಮೇಲೆ ಬಾಗಿಲು ತಟ್ಟುವುದು. ಎದುರಿಗೆ ನಿಂತು ಗಟ್ಟಿಯಾಗಿ ಆಡಿದ ಮಾತು ಮಾತ್ರ ಇನ್ನೂ ಸಿಗುತ್ತಿತ್ತು. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎಂದು ದಿನ ನೂಕಿದಳು. ಹೇಳಿದರೆ ಅವನ ಕಸುಬೇ ಹೋದಂತೆ. 'ಇವರು ತಾವಾಗಿ ಕೆಲಸ ಬಿಡೋವರೆಗಾದ್ರೂ ಕಿವಿ ಉಳಿಸಿಕೊಡು ತಂದೆ' ಎಂದು ದಿನಾ ಮುಂಜಾನೆ ಕೈಮುಗಿದು ಕೇಳಿಕೊಳ್ಳುತ್ತಿದ್ದಳು. ದೇವರು ಅದಕ್ಕೆ ಉತ್ತರ ಕೊಟ್ಟನೋ ಇಲ್ಲವೋ, ಕೊಟ್ಟಿದ್ದರೂ ಅವಳಿಗೆ ಕೇಳಿಸಿರಲಿಲ್ಲ.

ಅವರು ಇಳಿಸಲು ಬಂದಿದ್ದ ಚೈನ್ ಗಾಡಿ, ಎಂದರೆ ಚಕ್ರದ ಬದಲು ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಓಡುವ ಬುಲ್ಡೋಜರ್, ನಿಂತಿದ್ದದ್ದು ಕೆಟ್ಟ ಜಾಗದಲ್ಲಿ. ಬಂಡೆಯಲ್ಲಿ ಕಡಿದ ಅಗಲವಾದ ಮೆಟ್ಟಿಲದು. ಬಲಕ್ಕೆ ಕಲ್ಲಿನ ಗೋಡೆ. ಎಡಕ್ಕೆ, ಗಾಡಿಯ ಕಬ್ಬಿಣದ ಪಟ್ಟಿಯಿಂದ ಎರಡೇ ಹೆಜ್ಜೆಯಾಚೆ, ಹತ್ತಾಳು ಆಳದ ಗುಂಡಿ. ಹಿಂದೆ ಕಲ್ಲು ಜರಿದು ದಾರಿ ಮುಚ್ಚಿತ್ತು. ಮುಂದೆ ದಾರಿಯಿತ್ತು, ಆದರೆ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿ ಇಳಿಯುತ್ತಿತ್ತು. ಎರಡು ಮಳೆಗಾಲ ಅಲ್ಲೇ ನಿಂತ ಗಾಡಿಗೆ ತಿರುಗುವುದೇ ಮರೆತುಹೋಗಿತ್ತು.

ಇಂಥ ಗಾಡಿಗೆ ತಿರುಗಿಸುವ ಚಕ್ರವಿರುವುದಿಲ್ಲ. ಎಡಪಟ್ಟಿಗೊಂದು, ಬಲಪಟ್ಟಿಗೊಂದು ಕ್ಲಚ್ಚು. ಎಡ ಹಿಡಿಕೆ ಎಳೆದರೆ ಎಡಪಟ್ಟಿಗೆ ಎಂಜಿನ್ನಿನ ಬಲ ತಪ್ಪುತ್ತದೆ. ಬಲಪಟ್ಟಿ ಓಡುತ್ತಲೇ ಇರುತ್ತದೆ. ಮೂತಿ ಎಡಕ್ಕೆ ಹೊರಳುತ್ತದೆ. ಕ್ಲಚ್ಚೆಂದರೆ ಬೇರೇನಲ್ಲ, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ತಟ್ಟೆ ಜೋಡಿಸಿದಂತೆ ಒತ್ತಾಗಿ ಜೋಡಿಸಿದ ಕಬ್ಬಿಣದ ಬಿಲ್ಲೆಗಳು. ನೀರು ಹೊಕ್ಕು ಆ ಬಿಲ್ಲೆಗಳು ತುಕ್ಕಿನಲ್ಲಿ ಒಂದನ್ನೊಂದು ಕಚ್ಚಿಕೊಂಡಿದ್ದವು. ಬಿಚ್ಚೋಣವೆಂದರೆ ಕ್ರೇನು ಅಲ್ಲಿಗೆ ಹತ್ತುವಂತಿಲ್ಲ. ಮೂರು ದಿನ ಪೆಟ್ಟಿಗೆಗೆ ಡೀಸೆಲ್ ತುಂಬಿ ನೆನೆಹಾಕಿದ್ದರು. ಬಲಗಡೆಯದು ನಿನ್ನೆಯೇ ಬಿಟ್ಟಿತ್ತು. ಅದು ಗೋಡೆಯ ಕಡೆ, ಹೊರಳಿದರೂ ಗೋಡೆಗೆ ಮೂತಿ ತಗುಲಿದ್ದಷ್ಟೆ. ಇವತ್ತು ಎಡಗಡೆಯದು.

ಕೆಲಸ ಇಷ್ಟೇ: ಎಡ ಹಿಡಿಕೆಯನ್ನು ಹಿಂದಕ್ಕೆಳೆದು ಹಗ್ಗದಿಂದ ಕಟ್ಟಿ, ಎಡ ಬ್ರೇಕು ಒತ್ತಿ, ಗಾಡಿಗೊಂದು ಜರ್ಕು ಕೊಡಬೇಕು. ಬಿಲ್ಲೆಗಳು ಬಿಡುವ ಮುನ್ನ ಒಣಕಡ್ಡಿ ಮುರಿದಂತೆ ಟಿಕ್ಕೆಂದು ಒಂದು ಸಣ್ಣ ಸದ್ದು. ಅದಾದ ಅರ್ಧ ಉಸಿರಿಗೆ ಇಡೀ ಗಾಡಿ ಎಡಕ್ಕೆ, ಎಂದರೆ ಗುಂಡಿಯ ಕಡೆಗೆ, ಹೊರಳುತ್ತದೆ. ಆ ಅರ್ಧ ಉಸಿರಿನೊಳಗೆ ಅವಳು ಕೆಂಪು ಬಟ್ಟೆ ಬೀಸಬೇಕು. ಅವನು ಎಳೆದರೆ ಇಡೀ ಗಾಡಿಗೆ ಬಲ ಕೊಡುವ ದೊಡ್ಡ ಕ್ಲಚ್ಚಿನ ಹಿಡಿಕೆಯನ್ನು ಮುಂದಕ್ಕೆ ತಳ್ಳಿ ಎಂಜಿನ್ನಿನ ಹಿಡಿತವನ್ನೇ ತಪ್ಪಿಸಬೇಕು.

"ನಾಳೆ ಈ ಮೆಟ್ಟಿಲನ್ನೇ ಸಿಡಿಸ್ತಾರೆ ಮೇಸ್ತ್ರಿ. ಹೇಗಾದ್ರೂ ಇವತ್ತು ಇಳಿಸಿಬಿಡಿ" ಎಂದ ಗಣಿಯ ಸೂಪರ್‌ವೈಸರ್, ಗೋಡೆಗೆ ಬೆನ್ನು ಅಂಟಿಸಿಕೊಂಡು.

"ನೀವ್ಯಾಕ್ರೀ ಗೋಡೇನ ತಬ್ಕೊಂಡಿದೀರಿ? ಬೀಳೋದಾದ್ರೆ ಗಾಡಿ ಆ ಕಡೆ ಬೀಳುತ್ತೆ" ಎಂದು ಮೇಸ್ತ್ರಿ ತನ್ನ ಎಂದಿನ ದೊಡ್ಡ ದನಿಯಲ್ಲಿ ನಕ್ಕು ಹತ್ತಿ ಕೂತ.

ಎಂಜಿನ್ನು ಎದ್ದಿತು. ಅವಳಿಗೆ ಅದು ಎದ್ದದ್ದು ತಿಳಿದದ್ದು ಹೊಗೆಯಿಂದ, ಕಾಲಡಿಯ ನಡುಕದಿಂದ. ಮೊದಲ ಜರ್ಕಿಗೆ ಗಾಡಿ ಕುಪ್ಪಳಿಸಿ ನಿಂತಿತು. ಅವನು ತಿರುಗಿ ಹುಬ್ಬು ಹಾರಿಸಿದ: ಕೇಳಿತಾ? ಅವಳು ಇಲ್ಲವೆಂದು ತಲೆಯಾಡಿಸಿದಳು. ಅದು ನಿಜವೇ. ಸದ್ದಾಗಲಿಲ್ಲವೋ, ಆದದ್ದು ತನ್ನವರೆಗೆ ಬರಲಿಲ್ಲವೋ, ಅದನ್ನು ಯಾರು ಹೇಳಬೇಕು?

ಎರಡನೆಯ ಜರ್ಕಿಗೆ ಗಾಡಿಯ ಮೂತಿ ತಟಕ್ಕನೆ ಎಡಕ್ಕೆ ಹಾರಿತು.

ಅವಳು ಬಟ್ಟೆ ಎತ್ತುವಷ್ಟರಲ್ಲಿ ಅವನೇ ಅಂಗಾಲಿನಲ್ಲಿ ತಿಳಿದು ಹಿಡಿಕೆ ತಳ್ಳಿಯಾಗಿತ್ತು. ಗಾಡಿ ನಿಂತಿತು. ಪಟ್ಟಿಯ ಮುಂದಿನ ತುದಿ ಅಂಚಿನಿಂದ ಒಂದೇ ಹೆಜ್ಜೆ ಈಚೆಗಿತ್ತು. ಅಂಚಿನ ಒಂದು ಕಲ್ಲು, ತೆಂಗಿನಕಾಯಿಯಷ್ಟು ದಪ್ಪದ್ದು, ನಿಧಾನವಾಗಿ ವಾಲಿ ಕೆಳಗುರುಳಿತು. ಸೂಪರ್‌ವೈಸರ್ ಹೆಗಲು ಕುಗ್ಗಿಸಿ ಕಣ್ಣು ಮುಚ್ಚಿದ, ಏನೋ ದೊಡ್ಡದು ಕೇಳಿದವನ ಹಾಗೆ. ಅವಳಿಗೆ ಏನೂ ಕೇಳಲಿಲ್ಲ. ಅಷ್ಟು ದೊಡ್ಡ ಕಲ್ಲು ಹತ್ತಾಳು ಆಳಕ್ಕೆ ಬಿತ್ತು, ಬಂಡೆಗೆ ಬಡಿಯಿತು, ಒಡೆಯಿತು. ಅವಳ ಪಾಲಿಗೆ ಅದು ಹತ್ತಿ ಬಿದ್ದಂತೆ.

ಸಾಯುವವನು ಅವನು, ಸುಮ್ಮನಿರುವವಳು ನಾನು ಎಂಬುದು ಅವಳಿಗೆ ಆ ಕ್ಷಣದಲ್ಲಿ ಹಗಲಿನಷ್ಟು ನಿಚ್ಚಳವಾಗಿ ಕಂಡಿತು. ಬಿಲ್ಲೆಗಳು ಕ್ಷಣಮಾತ್ರ ಬಿಟ್ಟು ಮತ್ತೆ ಕಚ್ಚಿಕೊಂಡಿದ್ದವು; ಅವನು ಗಾಡಿಯನ್ನು ಒಂದಿಷ್ಟು ಹಿಂದಕ್ಕೆಳೆದುಕೊಂಡು ಮೂರನೆಯ ಜರ್ಕಿಗೆ ಗೇರು ಹಾಕುತ್ತಿದ್ದ. ಅವಳು ಓಡಿಹೋಗಿ ಗಾಡಿಯ ಮೂತಿಯೆದುರು ಎರಡೂ ಕೈ ಚಾಚಿ ನಿಂತುಬಿಟ್ಟಳು.

ಎಂಜಿನ್ನು ನಿಲ್ಲಿಸಿ ಅವನು ಹಾರಿಳಿದ. "ಹುಚ್ಚು ಹಿಡೀತಾ ನಿಂಗೆ? ಅರೆದುಹಾಕ್ತಿತ್ತಲ್ಲೇ!"

"ರೀ, ನಂಗೆ ಕೇಳಿಸ್ತಿಲ್ಲ."

"ಗಾಳಿ ಇದೆ. ಈ ಕಡೆ ಬಂದು ನಿಂತ್ಕೋ."

"ಗಾಳಿ ಅಲ್ಲ ರೀ. ಕಿವಿ. ಚಳಿಗಾಲದಿಂದ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ, ತಪ್ಪು ಓದಿದೆನೋ ಎಂಬಂತೆ. ಅವಳು ಇನ್ನೊಮ್ಮೆ ಹೇಳಿದಳು. ಅವನ ಮುಖ ಬಣ್ಣಗೆಟ್ಟಿತು.

"ಅಂದ್ರೆ ಇಷ್ಟು ದಿನ ಬಟ್ಟೆ ಬೀಸಿದ್ದೆಲ್ಲ ನಾಟಕ. ಸುಳ್ಳುಗಾತಿ! ಇಂಥವಳ ಕೈಯಲ್ಲಿ ಜೀವ ಇಟ್ಟಿದ್ನಲ್ಲ ನಾನು!" ಗಣಿಯ ತಳದವರೆಗೂ ಕೇಳುವಂಥ ದನಿ. ಸೂಪರ್‌ವೈಸರ್ ಬೇರೆ ಕಡೆ ನೋಡಿದ. ಅವಳಿಗೆ ದನಿ ಅರ್ಧ ಕೇಳಿತು, ಮುಖ ಪೂರ್ತಿ ಕಂಡಿತು. ತಲೆ ತಗ್ಗಿಸಲಿಲ್ಲ. ಬೈಯಲು ಅವನು ಉಳಿದಿದ್ದಾನಲ್ಲ, ಬೈಯಲಿ.

ಕೊನೆಗೆ ಸೂಪರ್‌ವೈಸರ್ ಅವನೆದುರು ಬಂದು, "ಬೇಕಾದ್ರೆ ನಾನು ಕೇಳಿ ಹೇಳ್ತೀನಿ ಮೇಸ್ತ್ರಿ" ಎಂದ.

"ನಿಮಗೆ ನೂರು ಸದ್ದು ಕೇಳುತ್ತೆ. ಅದ್ರಲ್ಲಿ ನಂಗೆ ಬೇಕಾದ್ದು ಯಾವ್ದು ಅಂತ ಗೊತ್ತಾಗಲ್ಲ."

ಮೇಸ್ತ್ರಿ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅಂಗೈ ತಿಕ್ಕಿದ. ಆಮೇಲೆ ಎದ್ದು ಸಾಮಾನಿನ ಚೀಲದಿಂದ ಉದ್ದನೆಯ ಕಬ್ಬಿಣದ ಸಲಾಕೆ ತೆಗೆದ. ಒಂದು ತುದಿಯನ್ನು ಕ್ಲಚ್ಚಿನ ಪೆಟ್ಟಿಗೆಗೆ ಒತ್ತಿ, ಇನ್ನೊಂದು ತುದಿಗೆ ತೆಳ್ಳಗೆ ಬಟ್ಟೆ ಸುತ್ತಿ ಹಲ್ಲಿನಲ್ಲಿ ಕಚ್ಚಿ, ಪೆಟ್ಟಿಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಕಣ್ಣು ಅಗಲವಾಯಿತು.

"ಕಿವಿ ಸತ್ತಿದೆ, ದವಡೆ ಮೂಳೆ ಸತ್ತಿಲ್ಲ" ಎಂದ. "ಕೇಳುತ್ತೆ. ಆದ್ರೆ ನಾನು ಹಿಂದೆ ನಿಂತು ಇದನ್ನ ಕಚ್ಕೊಂಡ್ರೆ, ಮೇಲೆ ಕೂರೋರು ಯಾರು?"

ಸೂಪರ್‌ವೈಸರ್ ತನ್ನ ಬೂಟುಗಳನ್ನು ನೋಡಿಕೊಂಡ.

"ನಾನು ಕೂರ್ತೀನಿ" ಎಂದಳು ಅವಳು.

ಬಯಲಲ್ಲಿ ಹತ್ತಾರು ಸಲ ಗಾಡಿ ನೆಟ್ಟಗೆ ಓಡಿಸಿದವಳೇ, ಅಂಚಿನಲ್ಲಲ್ಲ. ಅವನು ಬೇಡವೆನ್ನಲಿಲ್ಲ. ಎಡ ಬ್ರೇಕಿನ ಮೇಲೆ ಅವಳ ಕಾಲಿರಿಸಿ, ದೊಡ್ಡ ಹಿಡಿಕೆ ತೋರಿಸಿ, "ಹೆದರಿದ ಕೈ ತನ್ನ ಕಡೇಗೇ ಎಳ್ಕೊಳ್ಳುತ್ತೆ. ಎಳೆದ್ಯೋ, ಗಾಡಿ ಹೋಗೇಬಿಡುತ್ತೆ. ನಾನು ಭುಜ ಒತ್ತಿದ ತಕ್ಷಣ ಮುಂದಕ್ಕೆ ತಳ್ಳು. ತಳ್ಳು ಅಷ್ಟೇ" ಎಂದ.

"ನೀವು ಹಿಂದೆ ನಿಂತ್ರೆ, ಗಾಡಿ ಹೋದ್ರೆ ನೀವೂ..."

"ಕೆಳಗೆ ನಿಂತ್ರೆ ಸಲಾಕೆ ಎಟುಕಲ್ಲ." ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹಿಂದೆ ಹತ್ತಿ ನಿಂತ, ಸಲಾಕೆ ಕಚ್ಚಿಕೊಂಡ, ಅವಳ ಭುಜದ ಮೇಲೆ ಕೈಯಿಟ್ಟ.

ಮೇಲಿಂದ ಗುಂಡಿ ಇನ್ನೂ ಹತ್ತಿರ ಕಾಣುತ್ತಿತ್ತು. ತಳದಲ್ಲಿ ನಿಂತಿದ್ದ ಲಾರಿ ಆಟದ ಸಾಮಾನಿನಂತಿತ್ತು. ಅವಳು ಆ ಕಡೆ ನೋಡಬಾರದೆಂದು ತಲೆ ಮುಂದಕ್ಕಿಟ್ಟಳು; ಕಣ್ಣು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಪ್ರಾರ್ಥನೆಯ ಒಂದು ಪದವೂ ನೆನಪಿಗೆ ಬರಲಿಲ್ಲ, 'ತಂದೆ' ಎನ್ನುವುದೊಂದನ್ನು ಬಿಟ್ಟು. ದೊಡ್ಡ ಹಿಡಿಕೆ ಎಳೆದಳು. ಗಾಡಿ ಕುಪ್ಪಳಿಸಿತು. ಭುಜದ ಮೇಲಿನ ಕೈ ಅಲ್ಲಾಡಲಿಲ್ಲ. ತಳ್ಳಿ, ಮತ್ತೆ ಎಳೆದಳು. ಏನೂ ಇಲ್ಲ.

ಮೂರನೆಯ ಸಲ ಎಳೆದಾಗ ಐದೂ ಬೆರಳು ಭುಜಕ್ಕಿಳಿದವು. ಅವಳ ತೋಳಿನ ನರನರವೂ ಎಳೆ ಎಳೆ ಎಂದಿತು. ಕೈ ಒಂದು ಎಳೆಯಷ್ಟು ಹಿಂದಕ್ಕೆ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ, ತನ್ನದಲ್ಲದ ಕೈಯನ್ನು ನೂಕುವವಳಂತೆ ನೂಕಿದಳು.

ಗಾಡಿ ನಿಂತಿತು. ಮೂತಿ ನಾಲ್ಕೇ ಬೆರಳು ಹೊರಳಿತ್ತು.

ಬಿಲ್ಲೆಗಳ ಕಚ್ಚು ಬಿಟ್ಟಿತ್ತು. ಆದರೆ ಒಂದೇ ಸಲಕ್ಕೆ ನಂಬುವಂತಿಲ್ಲ. ಇನ್ನೂ ಆರು ಸಲ, ಮಗುವನ್ನು ತೂಗಿದಷ್ಟು ಮೆಲ್ಲಗೆ, ಒತ್ತುವುದು, ತಳ್ಳುವುದು, ಒತ್ತುವುದು, ತಳ್ಳುವುದು. ಏಳನೆಯ ಸಲಕ್ಕೆ ಅವನು ಹಗ್ಗ ಬಿಚ್ಚಿ ಹಿಡಿಕೆ ಆಡಿಸಿ ನೋಡಿದ. ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡಿತು. ಅವಳು ಕೆಳಗಿಳಿದು ಗೋಡೆಯ ಕಡೆ ಸರಿದಳು. ಅವನು ಸೀಟಿಗೆ ಹತ್ತಿ, ಮುಂದಿನ ತಿರುವಿನಲ್ಲಿ ಎಡಕ್ಕೆ ತಿರುಗಿಸಿ, ಗಾಡಿಯನ್ನು ಗಣಿಯ ತಳಕ್ಕೆ ಇಳಿಸಿದ.

ಮಧ್ಯಾಹ್ನ ಲಾರಿಯ ನೆರಳಿನಲ್ಲಿ ಅವಳು ಕೈಯ ಡೀಸೆಲ್ ತೊಳೆಯುತ್ತಿದ್ದಳು. ಸೂಪರ್‌ವೈಸರ್ ಬಂದು ಮೇಸ್ತ್ರಿಯ ಬೆನ್ನು ತಟ್ಟಿದ. "ಏನು ಕೈರೀ ನಿಮ್ದು! ಬೇರೆ ಯಾರೇ ಆಗಿದ್ರೂ ಗಾಡೀನ ಅಲ್ಲೇ ಬಿಟ್ಟು ಹೋಗ್ತಿದ್ರು."

"ಬೆಳಿಗ್ಗೆ ನಿಮ್ಮೆದುರಿಗೆ ಇವಳಿಗೊಂದು ಮಾತು ಅಂದೆ" ಎಂದ ಮೇಸ್ತ್ರಿ.

"ಅಯ್ಯೋ ಬಿಡಿ, ಗಂಡ ಹೆಂಡತಿ ಅಂದ್ಮೇಲೆ ಅದೆಲ್ಲ..."

"ಇಲ್ಲ. ನಿಮ್ಮೆದುರಿಗೆ ಅಂದದ್ದು, ನಿಮ್ಮೆದುರಿಗೇ ವಾಪಸ್ ತಗೋಬೇಕು. ಹಾಗನ್ನಬಾರದಿತ್ತು. ಇವಳು ಗಾಡಿಗೆ ಅಡ್ಡ ಬಂದು ನಿಲ್ಲದೇ ಇದ್ದಿದ್ರೆ, ಈ ಹೊತ್ತಿಗೆ ನೀವು ನನ್ನನ್ನ ಗೋಣಿಚೀಲದಲ್ಲಿ ತುಂಬ್ಕೋಬೇಕಿತ್ತು."

ಏಳು ವರ್ಷದಲ್ಲಿ ಮೊದಲ ಬಾರಿಗೆ ಅವನ ದನಿ ತಗ್ಗಿತ್ತು. ಬೆನ್ನು ಮಾಡಿ ಕೂತಿದ್ದ ಅವಳಿಗೆ ಒಂದಕ್ಷರವೂ ಮುಟ್ಟಲಿಲ್ಲ. ಅವನಿಗೆ ಅದು ಹೊಳೆದಿರಬೇಕು. ಅವಳೆದುರಿಗೆ ಬಂದ. ಮುಖಕ್ಕೆ ಬೆಳಕು ಬೀಳುವಂತೆ ತುಸು ಸರಿದು ಕುಕ್ಕರುಗಾಲಲ್ಲಿ ಕೂತ. ಅವಳು ತಲೆಯೆತ್ತಿ ತನ್ನ ತುಟಿ ನೋಡುವವರೆಗೂ ಕಾದು, ಅಷ್ಟೂ ಮಾತನ್ನು ನಿಧಾನವಾಗಿ, ಒಂದೊಂದಾಗಿ, ಇನ್ನೊಮ್ಮೆ ಹೇಳಿದ.